ಬೆಲೆ ಇರುವಾಗಲೇ ಬರಬೇಕಾದ ನೀತಿ

ಅರಸೀಕೆರೆಯಿಂದ ಹೊರಟು ಹಳೇಬೀಡು, ಬೇಲೂರು ದಾಟಿ ಗೆಂಡೆಹಳ್ಳಿ ತಲುಪುವಷ್ಟರಲ್ಲಿ ಮಣ್ಣು, ಮಳೆ, ಬೆಳೆ ಮೂರೂ ಬದಲಾಗಿರುತ್ತವೆ. ಅರಸೀಕೆರೆ ಸುತ್ತ ತೆಂಗಿನ ತೋಟಗಳು, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕೊಬ್ಬರಿ. ಹಳೇಬೀಡು, ಮಾದಿಹಳ್ಳಿ ಕಡೆ ಮುಸುಕಿನ ಜೋಳ, ಆಲೂಗೆಡ್ಡೆ. ಬೇಲೂರು ದಾಟಿ ಮಲೆನಾಡಿನ ಸೆರಗು ಹಿಡಿದರೆ ಬಿಕ್ಕೋಡು, ಗೆಂಡೆಹಳ್ಳಿ, ಅರೇಹಳ್ಳಿಗಳ ರೊಬಸ್ಟಾ ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿದ ಕಾಳುಮೆಣಸು.

ಬೆಳೆಯುವುದು ಹಾಸನ ಜಿಲ್ಲೆಯಲ್ಲಾದರೂ ಇವುಗಳ ಬೆಲೆ ನಿಗದಿಯಾಗುವುದು ಬಹುದೂರದಲ್ಲಿ. ರೊಬಸ್ಟಾ ಕಾಫಿಯ ದರ ಲಂಡನ್ನಿನ ವಾಯಿದಾ ಪೇಟೆಯಲ್ಲಿ ಏರಿಳಿಯುತ್ತದೆ. ಮೆಣಸಿನ ದರ ವಿಯೆಟ್ನಾಂ ಎಷ್ಟು ಬೆಳೆಯಿತು, ಕೊಲಂಬೊ ಮೂಲಕ ಎಷ್ಟು ಬಂತು ಎಂಬುದರ ಮೇಲೆ ನಿಂತಿದೆ. ಕೊಬ್ಬರಿಯ ದರದ ಮೇಲೆ ಇಂಡೊನೇಷ್ಯಾ, ಮಲೇಷ್ಯಾಗಳಿಂದ ಬರುವ ತಾಳೆಎಣ್ಣೆಯ ನೆರಳಿದೆ. ಜಾಗತಿಕ ವ್ಯಾಪಾರದ ಅರ್ಥ ಇಲ್ಲಿಯ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಅವರು ಅದರೊಳಗೇ ಬದುಕುತ್ತಿದ್ದಾರೆ. ಅವರಿಗೆ ಸಿಗದಿರುವುದು ಆ ವ್ಯಾಪಾರಕ್ಕೆ ಸಮಯಕ್ಕೆ ಸರಿಯಾಗಿ ಒದಗುವ ಸರ್ಕಾರದ ನೀತಿ. ಕಳೆದ ಮೂರು ದಶಕಗಳಲ್ಲಿ ಈ ಪಟ್ಟಿಯ ಬೆಳೆಗಳಿಗೆ ನೆರವು ಬಂದದ್ದೆಲ್ಲ ಬೆಲೆ ಕುಸಿದ ಮೇಲೆ, ಸಾಲ ಬೆಳೆದ ಮೇಲೆ. ಈಗ ಕಾಫಿಗೆ, ಮೆಣಸಿಗೆ, ಕೊಬ್ಬರಿಗೆ ಒಳ್ಳೆಯ ಬೆಲೆಯ ಕಾಲ ಬಂದಿದೆ. ಮುಂದಿನ ಕುಸಿತಕ್ಕೆ ಸಿದ್ಧವಾಗಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಈ ಸಮಯ ಕೈಬಿಟ್ಟು ಹೋಗುತ್ತಿದೆ ಎಂಬುದೇ ಆತಂಕ.

2024ರ ಏಪ್ರಿಲ್‌ನಲ್ಲಿ ರೊಬಸ್ಟಾ ಚೆರ್ರಿಯ ದರ 50 ಕೆ.ಜಿ. ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿತು. ತಲೆಮಾರುಗಳಿಂದ ಕಾಫಿ ಬೆಳೆದ ಮನೆಗಳೂ ಅಂಥ ದರ ಕಂಡಿರಲಿಲ್ಲ. ವಿಯೆಟ್ನಾಂನಲ್ಲಿ ಬರ ಬಿದ್ದಿತ್ತು. ಅಲ್ಲಿನ ಅನೇಕ ರೈತರು ಕಾಫಿ ಕಿತ್ತು ಚೀನಾದ ಮಾರುಕಟ್ಟೆಗಾಗಿ ಡೂರಿಯನ್ ಹಣ್ಣು ಬೆಳೆಯತೊಡಗಿದ್ದರು. ಬ್ರೆಜಿಲ್‌ನ ಫಸಲೂ ಒಣಹವೆಗೆ ಸಿಕ್ಕಿತ್ತು. ಆ ವರ್ಷ ಸೆಪ್ಟೆಂಬರ್ ಹೊತ್ತಿಗೆ ಲಂಡನ್‌ನಲ್ಲಿ ರೊಬಸ್ಟಾ ಟನ್ನಿಗೆ ಐದು ಸಾವಿರ ಡಾಲರ್ ದಾಟಿತು. 2020-21ರಲ್ಲಿ ಸುಮಾರು 72 ಕೋಟಿ ಡಾಲರ್ ಇದ್ದ ಭಾರತದ ಕಾಫಿ ರಫ್ತು 2024-25ರಲ್ಲಿ ಸುಮಾರು 180 ಕೋಟಿ ಡಾಲರ್‌ಗೆ ಏರಿತು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವ ಕರ್ನಾಟಕಕ್ಕೆ ಇದು ದೊಡ್ಡ ಸುದ್ದಿಯಾಯಿತು.

ಆದರೆ ಈ ಅಂಕಿಯ ಒಳಗೆ ಇನ್ನೊಂದು ಸಂಗತಿ ಇದೆ. ಈ ವರ್ಷಗಳಲ್ಲಿ ದೇಶದ ಕಾಫಿ ಉತ್ಪಾದನೆ ಮೂರೂವರೆ ಲಕ್ಷ ಟನ್ ಆಸುಪಾಸಿನಲ್ಲೇ ನಿಂತಿದೆ. ರಫ್ತಿನ ಹಣ ದುಪ್ಪಟ್ಟಿಗೂ ಮೀರಿ ಬೆಳೆದದ್ದು ಮುಖ್ಯವಾಗಿ ದರದಿಂದ. ಭಾರತದಲ್ಲಿ ಹೆಕ್ಟೇರಿಗೆ ಸುಮಾರು 1.1 ಟನ್ ರೊಬಸ್ಟಾ ಬರುತ್ತದೆ. ವಿಯೆಟ್ನಾಂ ಅದರ ಎರಡು ಪಟ್ಟಿಗೂ ಹೆಚ್ಚು ತೆಗೆಯುತ್ತದೆ. ದರ ಇಳಿದ ದಿನ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಇಳಿಯುವುದಕ್ಕೆ ಹೆಚ್ಚು ಕಾಲವೂ ಬೇಕಾಗಿಲ್ಲ. 2025ರ ಆರಂಭದಲ್ಲಿ ದಾಖಲೆ ಬರೆದ ಲಂಡನ್ ದರ ಜುಲೈ ಹೊತ್ತಿಗೆ ಮೂರೂವರೆ ಸಾವಿರ ಡಾಲರ್‌ಗಿಂತ ಕೆಳಗೆ ಬಂದು ಆಮೇಲೆ ಮತ್ತೆ ಚೇತರಿಸಿಕೊಂಡಿತು.

ಈ ಏರಿಳಿತ ಮಲೆನಾಡಿಗೆ ಹೊಸದಲ್ಲ. 1942ರ ಕಾಫಿ ಕಾಯ್ದೆಯ ಅಡಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಮಂಡಳಿ ಮಾರಿ, ಹಣವನ್ನು ಕಂತು ಕಂತಾಗಿ ಕೊಡುತ್ತಿತ್ತು. ಕೊನೆಯ ಕಂತು ಕೈಗೆ ಬರುವಾಗ ಮುಂದಿನ ಫಸಲು ಕಣದಲ್ಲಿರುತ್ತಿದ್ದ ಕಾಲವದು. ಜಗತ್ತಿನ ಮಟ್ಟದಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ದೇಶದೇಶಕ್ಕೆ ಕೋಟಾ ಹಂಚಿ ದರವನ್ನು ಹಿಡಿದಿಟ್ಟಿತ್ತು. 1989ರ ಜುಲೈನಲ್ಲಿ ಆ ಕೋಟಾ ಪದ್ಧತಿ ಮುರಿದುಬಿತ್ತು. ಎರಡೂವರೆ ವರ್ಷಗಳಲ್ಲಿ, ರೂಪಾಯಿ ಲೆಕ್ಕದಲ್ಲಿ ಭಾರತದ ಕಾಫಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಹಳೆಯ ವ್ಯವಸ್ಥೆಯ ಎರಡೂ ಆಧಾರಗಳು ಕುಸಿದ ಮೇಲೆ ಸರ್ಕಾರ 1992ರಿಂದ ಬೆಳೆಗಾರರಿಗೆ ಹಂತಹಂತವಾಗಿ ಮಾರಾಟದ ಸ್ವಾತಂತ್ರ್ಯ ಕೊಟ್ಟಿತು. 1996ರಲ್ಲಿ ಎಲ್ಲರಿಗೂ ಪೂರ್ಣ ಮುಕ್ತ ಮಾರಾಟ ಸಿಕ್ಕಿತು.

ಆ ನಿರ್ಧಾರ ಸರಿಯಾಗಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಜಾಗತಿಕ ದರ ಜಿಗಿದಾಗ ಅದರ ಲಾಭ ನೇರವಾಗಿ ಬೆಳೆಗಾರರ ಮನೆಗೆ ಬಂತು. ಬೇಲೂರು, ಸಕಲೇಶಪುರ, ಮೂಡಿಗೆರೆ ತಾಲ್ಲೂಕುಗಳಲ್ಲಿ ಆ ವರ್ಷಗಳಲ್ಲಿ ಎದ್ದ ಮನೆಗಳು, ಓದಲು ಬೆಂಗಳೂರಿಗೆ ಹೋದ ಮಕ್ಕಳು, ಬಂದ ಜೀಪುಗಳು ಮುಕ್ತ ಮಾರುಕಟ್ಟೆಯ ಕೊಡುಗೆ. ಆದರೆ ಮಾರುಕಟ್ಟೆ ತೆರೆದ ಸರ್ಕಾರ ಅದರ ಹೊಡೆತ ತಡೆಯುವ ವ್ಯವಸ್ಥೆಯನ್ನು ಜೊತೆಗೆ ಕಟ್ಟಲಿಲ್ಲ. ಅದೇ ಹತ್ತು ವರ್ಷಗಳಲ್ಲಿ ವಿಯೆಟ್ನಾಂ ತನ್ನ ಕಾಫಿ ಉತ್ಪಾದನೆಯನ್ನು ಸುಮಾರು ಹತ್ತು ಪಟ್ಟು ಹೆಚ್ಚಿಸಿ ಬ್ರೆಜಿಲ್ ನಂತರದ ಸ್ಥಾನಕ್ಕೆ ಏರಿತ್ತು. ಶತಮಾನ ತಿರುಗಿದಾಗ ಜಗತ್ತಿನ ಕಾಫಿ ದರ ಮೂವತ್ತು ವರ್ಷಗಳಲ್ಲಿ ಕಾಣದಷ್ಟು ಕೆಳಗಿಳಿಯಿತು. ಹಣ್ಣು ಕುಯ್ಯುವ ಕೂಲಿಯೇ ಬೆಲೆಗಿಂತ ಹೆಚ್ಚು ಎನಿಸಿದ ತೋಟಗಳಿದ್ದವು.

ಆಗ ಬಂದ ನೆರವಿನ ದಿನಾಂಕಗಳನ್ನು ನೋಡಬೇಕು. ಕಾಫಿ, ಚಹಾ, ರಬ್ಬರ್, ತಂಬಾಕಿನ ಸಣ್ಣ ಬೆಳೆಗಾರರಿಗಾಗಿ 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿ 2003ರಲ್ಲಿ ಹುಟ್ಟಿತು. ಬೆಲೆ ಚೆನ್ನಾಗಿದ್ದಾಗ ಬೆಳೆಗಾರ ಸ್ವಲ್ಪ ಹಾಕಬೇಕು, ಕುಸಿದಾಗ ನಿಧಿ ತುಂಬಿಕೊಡಬೇಕು ಎಂಬುದು ಅದರ ಆಲೋಚನೆ. ಅದು ಸರಿಯಾದ ಆಲೋಚನೆಯೇ. ಆದರೆ ಹಾಕಲು ಯಾರ ಕೈಯಲ್ಲೂ ಹಣವಿಲ್ಲದ ಹೊತ್ತಿನಲ್ಲಿ ಬಂದ ಯೋಜನೆಗೆ ಸೇರಿದವರು ಕಡಿಮೆ. 2013ರಲ್ಲಿ ಅದು ಮುಚ್ಚಿತು. ಕಾಫಿ ಬೆಳೆಗಾರರ ಹಳೆಯ ಸಾಲದ ಭಾರ ಇಳಿಸುವ ಪ್ಯಾಕೇಜು ಬಂದದ್ದು 2010ರಲ್ಲಿ, ಕುಸಿತ ಶುರುವಾಗಿ ಸುಮಾರು ಹತ್ತು ವರ್ಷಗಳ ಮೇಲೆ. ಆ ಹತ್ತು ವರ್ಷ ಬಡ್ಡಿ ಬೆಳೆಯುತ್ತಲೇ ಇತ್ತು.

ಮೆಣಸಿನ ಕಥೆ ಇನ್ನೂ ಹತ್ತಿರದ್ದು. ಕಾಫಿ ಕುಸಿದ ವರ್ಷಗಳಲ್ಲಿ ಅನೇಕ ತೋಟಗಳನ್ನು ಉಳಿಸಿದ್ದು ಕಾಳುಮೆಣಸು. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿ ಹೆಚ್ಚುವರಿ ಜಾಗ ಕೇಳುವುದಿಲ್ಲ, ಒಣಗಿಸಿದ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಮಗಳ ಮದುವೆಗೋ ಕಾಲೇಜಿನ ಶುಲ್ಕಕ್ಕೋ ಎಂದು ಚೀಲಗಳನ್ನು ಎತ್ತಿಡುವುದು ಇಲ್ಲಿಯ ವಾಡಿಕೆ. 2016ರ ಸುಮಾರಿಗೆ ಕೆ.ಜಿ.ಗೆ ಏಳು ನೂರು ರೂಪಾಯಿಯ ಸನಿಹಕ್ಕೆ ಹೋಗಿದ್ದ ದರ ಮುಂದಿನ ಎರಡು ಮೂರು ವರ್ಷಗಳಲ್ಲಿ ಅರ್ಧಕ್ಕೆ ಇಳಿಯಿತು.

ವಿಯೆಟ್ನಾಂ ಮೆಣಸಿನ ಬೆಳೆ ಹಿಗ್ಗಿದ್ದು ಒಂದು ಕಾರಣ. ಇನ್ನೊಂದು ಕಾರಣ ಕಾಗದದ ಮೇಲಿತ್ತು. ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರ್‌ನಲ್ಲಿ ಸಹಿ ಹಾಕಿದ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಆಸಿಯಾನ್ ದೇಶಗಳೊಡನೆಯ ಒಪ್ಪಂದ 2010ರ ಜನವರಿಯಿಂದ ನಡೆಯುತ್ತಿದೆ. ಆಸಿಯಾನ್ ಮಾತುಕತೆಯಲ್ಲಿ ಮೆಣಸು, ಕಾಫಿ, ಚಹಾ, ತಾಳೆಎಣ್ಣೆಗಳನ್ನು ವಿಶೇಷ ಉತ್ಪನ್ನಗಳೆಂದು ಗುರುತಿಸಿ ಸುಂಕವನ್ನು ನಿಧಾನವಾಗಿ ಮಾತ್ರ ಇಳಿಸಲು ಒಪ್ಪಲಾಗಿತ್ತು. ಹೀಗಾಗಿ ವಿಯೆಟ್ನಾಂ ಮೆಣಸು ನೇರ ಬಂದರೆ ಶೇ 50ಕ್ಕೂ ಹೆಚ್ಚು ಸುಂಕ ಬೀಳುತ್ತಿತ್ತು. ಅದೇ ಮೆಣಸು ಶ್ರೀಲಂಕಾದ ಪ್ರಮಾಣಪತ್ರ ಹಿಡಿದು ಬಂದರೆ ಸುಂಕ ಇಲ್ಲ, ಇಲ್ಲವೇ ಅತ್ಯಲ್ಪ. ಒಪ್ಪಂದದ ಪ್ರಕಾರ ಶ್ರೀಲಂಕಾದಲ್ಲಿ ಕನಿಷ್ಠ ಶೇ 35ರ ಮೌಲ್ಯವರ್ಧನೆ ಆಗಿರಬೇಕು. ಕಪ್ಪು ಕಾಳು ಯಾವ ದೇಶದ ಬಳ್ಳಿಯದೆಂದು ಕಣ್ಣಿಗೆ ಕಾಣದು. ಅದನ್ನು ಪತ್ತೆ ಮಾಡುವ ಪರೀಕ್ಷೆಯಾಗಲಿ ವಿಚಾರಣೆಯಾಗಲಿ ಬಂದರಿನಲ್ಲಿ ಗಟ್ಟಿಯಾಗಿರಲಿಲ್ಲ. 2017ರಲ್ಲಿ ಕೊಡಗಿನ ಗೋಣಿಕೊಪ್ಪಲು ಎಪಿಎಂಸಿಯಲ್ಲೇ ವಿಯೆಟ್ನಾಂ ಮೆಣಸು ಬೆರೆಸಲಾಗುತ್ತಿದೆ ಎಂಬ ಆರೋಪ ಎದ್ದು ಬೆಳೆಗಾರರು ಬೀದಿಗಿಳಿದರು.

ಆಮೇಲೆ ಸರ್ಕಾರ ಎಚ್ಚೆತ್ತಿತು. 2017ರ ಡಿಸೆಂಬರ್‌ನಲ್ಲಿ ಕೆ.ಜಿ.ಗೆ 500 ರೂಪಾಯಿಯ ಕನಿಷ್ಠ ಆಮದು ದರ ನಿಗದಿಯಾಯಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಅಗ್ಗದ ಮೆಣಸಿನ ಆಮದನ್ನೇ ನಿಷೇಧಿಸಲಾಯಿತು. ಸರಕಿನ ಮೂಲ ದೇಶದ ಬಗ್ಗೆ ಆಮದುದಾರರನ್ನು ಪ್ರಶ್ನಿಸುವ ಅಧಿಕಾರವನ್ನು ಕಸ್ಟಮ್ಸ್‌ಗೆ ಬಿಗಿಯಾಗಿ ಕೊಟ್ಟ ನಿಯಮ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ, ಶ್ರೀಲಂಕಾ ಒಪ್ಪಂದ ಜಾರಿಯಾದ ಇಪ್ಪತ್ತು ವರ್ಷಗಳ ನಂತರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ದರ ಇಳಿದಾಗ ಕೈಯಲ್ಲಿದ್ದ ಚೀಲಗಳನ್ನು ಮಾರಲೇಬೇಕಾಗಿ ಬಂದ ಸಣ್ಣ ಬೆಳೆಗಾರರಿಗೆ ಆ ಆದೇಶಗಳಿಂದ ಏನೂ ಮರಳಿ ಬರಲಿಲ್ಲ.

ಅರಸೀಕೆರೆ ಕಡೆಯ ಕೊಬ್ಬರಿಗೂ ಇದೇ ಗತಿ. ಅರಸೀಕೆರೆ, ತಿಪಟೂರು ಭಾಗದ ಉಂಡೆ ಕೊಬ್ಬರಿ ಎಣ್ಣೆ ಗಾಣಕ್ಕಿಂತ ಹೆಚ್ಚಾಗಿ ಉತ್ತರ ಭಾರತದ ತಿನಿಸಿನ ಮಾರುಕಟ್ಟೆಗೆ ಹೋಗುತ್ತದೆ. ಹಾಗಿದ್ದರೂ ಖಾದ್ಯ ತೈಲದ ಒಟ್ಟು ದರದಿಂದ ತೆಂಗು ತಪ್ಪಿಸಿಕೊಳ್ಳಲಾಗದು. ಭಾರತ ತಾನು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಎಣ್ಣೆ ದುಬಾರಿಯಾದಾಗ, 2021ರ ಅಕ್ಟೋಬರ್‌ನಲ್ಲಿ, ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಕೇಂದ್ರ ಸೊನ್ನೆಗೆ ಇಳಿಸಿತು. ಜಾಗತಿಕ ದರ 2022ರ ನಂತರ ತಣಿದರೂ ಸುಂಕ ಮರಳಿ ಏರಲಿಲ್ಲ. 2023ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ ಎಂಟು ಸಾವಿರ ರೂಪಾಯಿ ಆಸುಪಾಸಿಗೆ ಕುಸಿಯಿತು. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 11,750 ರೂಪಾಯಿ ಇತ್ತು. ಸುಂಕವೊಂದೇ ಇದಕ್ಕೆ ಕಾರಣವಲ್ಲ, ಆದರೆ ಸುಂಕದ ಪಾತ್ರವೇ ಇಲ್ಲವೆಂದು ಹೇಳಲಾಗದು.

2024ರ ಆರಂಭದಲ್ಲಿ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ನಾಫೆಡ್‌ನ ಖರೀದಿ ನೋಂದಣಿಗೆ ರೈತರು ರಾತ್ರಿಯೆಲ್ಲ ಸಾಲಿನಲ್ಲಿ ಕಾದರು. ಅಕ್ರಮದ ದೂರು ಬಂದು ಮೊದಲ ಸುತ್ತಿನ ನೋಂದಣಿ ರದ್ದಾಗಿ ಮತ್ತೆ ನಡೆಯಿತು. ತೈಲದ ಸುಂಕ ಏರಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಕಚ್ಚಾ ಎಣ್ಣೆಗೆ ಶೇ 20ಕ್ಕೆ. 2025ರ ಮೇ ಕೊನೆಯಲ್ಲಿ ಅದನ್ನು ಶೇ 10ಕ್ಕೆ ಇಳಿಸಲಾಯಿತು. ಅದೇ 2025ರಲ್ಲಿ ರೋಗ, ಕೀಟ, ಹಿಂದಿನ ಬರದ ಪರಿಣಾಮವಾಗಿ ತೆಂಗಿನ ಇಳುವರಿ ಕುಸಿದು, ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ದರ ಬಂತು, ಮಾರಲು ಅನೇಕರ ಅಟ್ಟದಲ್ಲಿ ಕೊಬ್ಬರಿಯೇ ಇರಲಿಲ್ಲ.

ಇಷ್ಟನ್ನು ಓದಿ ಆಮದನ್ನೆಲ್ಲ ನಿಲ್ಲಿಸಬೇಕೆಂದು ವಾದಿಸುವುದು ಸುಲಭ. ಅದು ತಪ್ಪು ದಾರಿ. ಗೆಂಡೆಹಳ್ಳಿಯ ಕಾಫಿ ತೋಟದಲ್ಲಿ ಹಣ್ಣು ಕುಯ್ಯುವವರಲ್ಲಿ ಈಗ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಬಂದವರೂ ಇದ್ದಾರೆ. ಅವರ ಕೂಲಿಯಲ್ಲಿ ಅಡುಗೆ ಎಣ್ಣೆಯ ಖರ್ಚು ಸಣ್ಣದಲ್ಲ. ತೈಲದ ಸುಂಕ ಇಳಿಸುವ ಸರ್ಕಾರ ಅಂಥ ಕೋಟ್ಯಂತರ ಮನೆಗಳನ್ನು ನೆನೆದೇ ಇಳಿಸುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಹೊರದೇಶಕ್ಕೆ ಹೋಗುತ್ತದೆ, ಇಟಲಿ ಅದರ ದೊಡ್ಡ ಗಿರಾಕಿ. ತನ್ನ ಬಾಗಿಲು ಮುಚ್ಚಿಕೊಂಡು ಪರರ ಬಾಗಿಲು ತೆರೆದಿರಲೆಂದು ಯಾವ ರಫ್ತುದಾರ ದೇಶವೂ ಕೇಳಲಾಗದು. ಬಂದ ಮೆಣಸನ್ನು ಸಂಸ್ಕರಿಸಿ ಮತ್ತೆ ರಫ್ತು ಮಾಡುವ ಘಟಕಗಳು ಸಾವಿರಾರು ಜನರಿಗೆ ಕೆಲಸ ಕೊಟ್ಟಿವೆ. ಈ ವಾದಗಳಲ್ಲಿ ಹುರುಳಿದೆ.

ತಕರಾರು ಇರುವುದು ನಿರ್ಧಾರಗಳು ಬರುವ ರೀತಿಯ ಬಗ್ಗೆ. ಯಾವ ದರಕ್ಕೆ ಸುಂಕ ಏರುತ್ತದೆ, ಯಾವ ದರಕ್ಕೆ ಇಳಿಯುತ್ತದೆ ಎಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಮಧ್ಯರಾತ್ರಿಯಿಂದ ಜಾರಿಯಾಗುವ ಅಧಿಸೂಚನೆ ದೊಡ್ಡ ವ್ಯಾಪಾರಿಗೆ ಮರುದಿನವೇ ತಿಳಿಯುತ್ತದೆ, ಬೆಳೆಗಾರನಿಗೆ ಮಂಡಿಯಲ್ಲಿ ದರ ಬಿದ್ದಾಗ ತಿಳಿಯುತ್ತದೆ. ಈರುಳ್ಳಿಯ ರಫ್ತನ್ನು 2019ರಲ್ಲಿ, 2020ರಲ್ಲಿ, ಮತ್ತೆ 2023ರ ಡಿಸೆಂಬರ್‌ನಲ್ಲಿ ನಿಷೇಧಿಸಿದಾಗ ಕರ್ನಾಟಕದ ಈರುಳ್ಳಿ ಬೆಳೆಗಾರರೂ ಇದನ್ನೇ ಅನುಭವಿಸಿದರು.

ನೆರೆಯ ಶ್ರೀಲಂಕಾ ಇದರ ಅತಿ ಕಹಿಯಾದ ಪಾಠ ಕಲಿಸಿದೆ. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿತು. ಭತ್ತವೂ ಚಹಾವೂ ನೆಲಕಚ್ಚಿದವು. ನವೆಂಬರ್‌ನಲ್ಲಿ ನಿಷೇಧ ಹಿಂದಕ್ಕೆ ಹೋಯಿತು, ಆದರೆ ಫಸಲು ಮರಳಲಿಲ್ಲ. 2022ರ ಏಪ್ರಿಲ್‌ನಲ್ಲಿ ಆ ದೇಶ ವಿದೇಶಿ ಸಾಲ ತೀರಿಸುವುದನ್ನು ನಿಲ್ಲಿಸಬೇಕಾಯಿತು. ಬಿಕ್ಕಟ್ಟಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಹೊಲದಲ್ಲಿರುವವರನ್ನು ಕೇಳದೆ, ಬದಲಾವಣೆಗೆ ಸಮಯ ಕೊಡದೆ ತಂದ ನೀತಿ ಒಂದು ಇಡೀ ಹಂಗಾಮನ್ನು ನುಂಗಿದ್ದನ್ನು ದಕ್ಷಿಣ ಏಷ್ಯಾ ಕಣ್ಣಾರೆ ಕಂಡಿದೆ.

ಭಾರತದ ಸ್ಥಿತಿ ಅದಕ್ಕಿಂತ ಬಹಳ ಉತ್ತಮ. 2024-25ರಲ್ಲಿ ದೇಶದ ಆರ್ಥಿಕತೆ ಶೇ 6.5ರಷ್ಟು ಬೆಳೆಯಿತು. ಆದರೆ ದುಡಿಯುವವರಲ್ಲಿ ಶೇ 46ರಷ್ಟು ಜನ ಇನ್ನೂ ಕೃಷಿಯಲ್ಲಿದ್ದಾರೆ, ಅವರ ಪಾಲಿಗೆ ಬರುವುದು ಒಟ್ಟು ಉತ್ಪನ್ನದ ಐದನೇ ಒಂದು ಭಾಗಕ್ಕೂ ಕಡಿಮೆ. ಬೆಂಗಳೂರಿನ ಸಾಫ್ಟ್‌ವೇರ್ ರಫ್ತು ಬೆಳೆದ ವೇಗದಲ್ಲಿ ಹಳೇಬೀಡಿನ ಆಲೂಗೆಡ್ಡೆ ಬೆಳೆಗಾರನ ಆದಾಯ ಬೆಳೆದಿಲ್ಲ. ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ತರಿಸಿ, ಅಂಗಮಾರಿ ರೋಗಕ್ಕೆ ಫಸಲು ಕಳೆದುಕೊಂಡು, ಹಾಸನ ಜಿಲ್ಲೆಯ ಅನೇಕ ರೈತರು ಆಲೂಗೆಡ್ಡೆಯನ್ನೇ ಬಿಟ್ಟಿದ್ದಾರೆ. ಬೆಳವಣಿಗೆಯ ಅಂಕಿಗೆ ಹಳ್ಳಿಯಲ್ಲಿ ಅರ್ಥ ಬರಬೇಕಾದರೆ ರಫ್ತಾಗುವ ಬೆಳೆಗಳಲ್ಲಾದರೂ ರೈತರಿಗೆ ಭದ್ರತೆ ಇರಬೇಕು. ಆ ಭದ್ರತೆ ಕಟ್ಟಲು ಈಗ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ.

ಮೊದಲನೆಯದು ಭೂ ದಾಖಲೆ. ಅರಣ್ಯನಾಶ ತಡೆಗೆ ಐರೋಪ್ಯ ಒಕ್ಕೂಟ 2023ರಲ್ಲಿ ತಂದ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿ ಮಾರಾಟವಾಗುವಂತಿಲ್ಲ. ಪ್ರತಿ ಸರಕಿಗೂ ಅದು ಬೆಳೆದ ಜಮೀನಿನ ಭೌಗೋಳಿಕ ಗುರುತು ಬೇಕು, ಆ ದೇಶದ ಕಾನೂನಿಗೆ ಅನುಗುಣವಾಗಿ ಬೆಳೆದದ್ದೆಂಬ ಆಧಾರವೂ ಬೇಕು. ಎರಡು ಸಲ ಮುಂದೂಡಿದ ಈ ನಿಯಮ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ರಿಂದ ಅನ್ವಯವಾಗಬೇಕಿದೆ. ಒಕ್ಕೂಟ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದೆ. ಮರಗಳ ನೆರಳಿನಲ್ಲೇ ಕಾಫಿ ಬೆಳೆಯುವ ಮಲೆನಾಡಿಗೆ ಈ ನಿಯಮ ಲಾಭವನ್ನೇ ತರಬಹುದು. ತೊಡಕಿರುವುದು ಕಾಗದದಲ್ಲಿ. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ, ಅಣ್ಣತಮ್ಮಂದಿರ ಜಂಟಿ ಖಾತೆ, ಪೋಡಿಯಾಗದ ಸರ್ವೆ ನಂಬರು, ಗುತ್ತಿಗೆಗೆ ಕೊಡುವ ತೀರ್ಮಾನವಾದರೂ ಇತ್ಯರ್ಥವಾಗದ ಒತ್ತುವರಿ ಜಮೀನು ಮಲೆನಾಡಿನ ಊರೂರಿನಲ್ಲೂ ಇವೆ. ದೇಶದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕೂ ಹೆಚ್ಚು ಮಂದಿ ಸಣ್ಣ ಹಿಡುವಳಿದಾರರು. ಬೆಳೆಗಾರರ ನೋಂದಣಿಗೆ ಕೇಂದ್ರದ ಕಾಫಿ ಮಂಡಳಿ ಮೊಬೈಲ್ ಆ್ಯಪ್ ಮಾಡಿದೆ. ಆದರೆ ಪೋಡಿ ಮಾಡಬೇಕಾದದ್ದು ರಾಜ್ಯದ ಸರ್ವೆ ಇಲಾಖೆ, ಖಾತೆ ಬದಲಿಸಬೇಕಾದದ್ದು ಕಂದಾಯ ಇಲಾಖೆ. ಎರಡೂ ಸರ್ಕಾರಗಳು ಒಂದೇ ಮೇಜಿಗೆ ಬರದಿದ್ದರೆ ದಾಖಲೆ ಗಟ್ಟಿಯಿರುವ ದೊಡ್ಡ ಎಸ್ಟೇಟುಗಳ ಕಾಫಿ ಯುರೋಪಿಗೆ ಹೋಗುತ್ತದೆ, ಸಣ್ಣವರ ಕಾಫಿ ಕಡಿಮೆ ದರಕ್ಕೆ ಬೇರೆ ದಾರಿ ಹುಡುಕುತ್ತದೆ.

ಎರಡನೆಯದು ಸಂಸ್ಕರಣೆ. ಬೇಲೂರು ಸೀಮೆಯ ರೊಬಸ್ಟಾ ಬಹುಪಾಲು ಕಣದಲ್ಲಿ ಒಣಗಿ ಚೆರ್ರಿಯಾಗಿಯೇ ಮಾರಾಟವಾಗುತ್ತದೆ. ವ್ಯಾಪಾರಿ ಓಟಿ, ಅಂದರೆ ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ, ನೋಡಿ ದರ ಕಟ್ಟುತ್ತಾನೆ. ಪಲ್ಪ್ ಮಾಡಿ, ತೊಳೆದು ಪಾರ್ಚ್‌ಮೆಂಟ್ ಮಾಡಿದರೆ ದರ ಹೆಚ್ಚು ಸಿಗುತ್ತದೆ. ತೊಳೆದ ರೊಬಸ್ಟಾಕ್ಕೆ ಕಾಫಿ ಮಂಡಳಿ ‘ಕಾಪಿ ರಾಯಲ್’ ಎಂಬ ಹೆಸರು ಕೊಟ್ಟು ಬಹಳ ಕಾಲವಾಯಿತು. ಆದರೆ ಪಲ್ಪರ್, ನೀರು, ತ್ಯಾಜ್ಯ ನೀರಿನ ಶುದ್ಧೀಕರಣ, ಒಣಗಿಸುವ ಯಂತ್ರ ಇವೆಲ್ಲ ಎರಡು ಮೂರು ಎಕರೆಯವರ ಕೈಗೆ ಎಟುಕವು. ಡಿಸೆಂಬರ್, ಜನವರಿಯಲ್ಲಿ ಅಕಾಲಿಕ ಮಳೆ ಬಂದರೆ ಕಣದ ಕಾಫಿ ಕಪ್ಪಾಗುವುದನ್ನು ಇಲ್ಲಿಯವರು ಪದೇ ಪದೇ ಕಂಡಿದ್ದಾರೆ. ಹೋಬಳಿಗೊಂದು ಸಾಮುದಾಯಿಕ ಸಂಸ್ಕರಣಾ ಘಟಕ, ರೈತ ಉತ್ಪಾದಕ ಕಂಪನಿಯ ಒಡೆತನದಲ್ಲಿ, ಈ ವರ್ಷಗಳಲ್ಲೇ ಏಳಬೇಕು. 2019ರಲ್ಲಿ ಭೌಗೋಳಿಕ ಸೂಚಿ ಪಡೆದ ಐದು ಕಾಫಿಗಳಲ್ಲಿ ರೊಬಸ್ಟಾ ಒಂದೇ, ಅದು ವಯನಾಡಿನದು. ಹಾಸನ ಜಿಲ್ಲೆಯ ರೊಬಸ್ಟಾಕ್ಕೂ ತನ್ನದೇ ಹೆಸರು ಸಿಗುವ ಪ್ರಯತ್ನ ನಡೆಯಬೇಕು.

ವ್ಯಾಪಾರ ಮಾತುಕತೆಗಳಿಗೂ ಇದಕ್ಕೂ ನೇರ ನಂಟಿದೆ. ಐರೋಪ್ಯ ಒಕ್ಕೂಟ ಹಸಿ ಕಾಫಿ ಬೀಜಕ್ಕೆ ಸುಂಕ ಹಾಕುವುದಿಲ್ಲ. ಹುರಿದ ಕಾಫಿಗೆ ಅದರ ಸಾಮಾನ್ಯ ಸುಂಕ ಶೇ 7.5, ಇನ್‌ಸ್ಟಂಟ್ ಕಾಫಿಗೆ ಶೇ 9. ಬೀಜ ಕೊಡಿ, ಬೆಲೆ ನಾವು ಸೇರಿಸಿಕೊಳ್ಳುತ್ತೇವೆ ಎಂಬುದು ಆ ಸುಂಕದ ಸಾರ. ಒಕ್ಕೂಟದೊಡನೆ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿದಿದೆ ಎಂದು 2026ರ ಜನವರಿ 27ರಂದು ಎರಡೂ ಕಡೆಯವರು ಪ್ರಕಟಿಸಿದ್ದಾರೆ. ಹುರಿದ, ಪುಡಿಯಾದ ಕಾಫಿಗೆ ಅಲ್ಲಿ ಸಿಗುವ ಅವಕಾಶವನ್ನು ಬಳಸಲು ಕರ್ನಾಟಕದಲ್ಲಿ ಘಟಕಗಳು ಸಿದ್ಧವಿರಬೇಕು. ಗಿರಾಕಿ ದೇಶಗಳು ಹೆಚ್ಚಿರುವುದೂ ಅಗತ್ಯ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಶೇ 50ರ ಸುಂಕ ಹೇರಿ, ನವೆಂಬರ್‌ನಲ್ಲಿ ಕಾಫಿ, ಚಹಾ, ಮಸಾಲೆ ಪದಾರ್ಥಗಳಿಗೆ ವಿನಾಯಿತಿ ಕೊಟ್ಟಿತು. ಒಂದೇ ರಾಜಧಾನಿಯ ಮನಸ್ಸಿಗೆ ಬೆಳೆಗಾರರ ಬದುಕು ಗಂಟುಬೀಳಬಾರದು.

ಮೂರನೆಯದು ಸುಂಕದ ನಿಯಮ. ಖಾದ್ಯ ತೈಲಕ್ಕೆ ಒಂದು ಬೆಲೆ ಪಟ್ಟಿಯನ್ನು ಸಂಸತ್ತಿನ ಮುಂದಿಟ್ಟು ಒಪ್ಪಿಗೆ ಪಡೆಯಬಹುದು. ಆಮದು ದರ ಇಂತಿಷ್ಟಕ್ಕಿಂತ ಇಳಿದರೆ ಸುಂಕ ತಾನಾಗಿ ಏರಬೇಕು, ಇಂತಿಷ್ಟಕ್ಕಿಂತ ಏರಿದರೆ ತಾನಾಗಿ ಇಳಿಯಬೇಕು. ಕೊಳ್ಳುವವರಿಗೂ ಬೆಳೆಯುವವರಿಗೂ ಮುಂದೇನಾಗುತ್ತದೆ ಎಂಬುದು ಮೊದಲೇ ತಿಳಿಯುತ್ತದೆ. ಆಮದು ಮೆಣಸಿಗೆ ಚಿಲ್ಲರೆ ಪೊಟ್ಟಣದ ಮೇಲೂ ಮೂಲ ದೇಶದ ಹೆಸರು ಕಡ್ಡಾಯವಾಗಬೇಕು. ಮರುರಫ್ತಿಗೆಂದು ವಿನಾಯಿತಿಯಲ್ಲಿ ಬಂದ ಸರಕು ದೇಶದೊಳಗೆ ಸೋರದಂತೆ ಒಳಬಂದ, ಹೊರಹೋದ ಪ್ರಮಾಣದ ಲೆಕ್ಕವನ್ನು ಸ್ಪೈಸಸ್ ಬೋರ್ಡ್ ತಿಂಗಳು ತಿಂಗಳು ಪ್ರಕಟಿಸಬೇಕು.

ನಾಲ್ಕನೆಯದು ಉಳಿತಾಯ. 2003ರಲ್ಲಿ ತಪ್ಪು ಕಾಲದಲ್ಲಿ ಹುಟ್ಟಿದ ಬೆಲೆ ಸ್ಥಿರೀಕರಣ ನಿಧಿಗೆ ಸರಿಯಾದ ಕಾಲ ಈಗ ಬಂದಿದೆ. ಚೀಲಕ್ಕೆ ಹತ್ತು ಸಾವಿರ ಕಂಡ ಬೆಳೆಗಾರ ಸಣ್ಣ ಪಾಲನ್ನು ಎತ್ತಿಡಬಲ್ಲ. ಅಷ್ಟೇ ಮೊತ್ತವನ್ನು ಕೇಂದ್ರ ಸೇರಿಸಿದರೆ ಮುಂದಿನ ಕುಸಿತದಲ್ಲಿ ಸಾಲ ಮನ್ನಾದ ಬೇಡಿಕೆಗೆ ಕಾಯದೆ ಹಣ ಮನೆಗೆ ಬರುತ್ತದೆ. ಕಾಫಿ ತೋಟಗಳನ್ನು ಕೃಷಿ ಭೂಮಿಯೆಂದು ಪರಿಗಣಿಸಿ, ಸಾಲಕ್ಕಾಗಿ ತೋಟ ಹರಾಜು ಹಾಕುವ ಸರ್ಫೇಸಿ ಕಾಯ್ದೆಯಿಂದ ಹೊರಗಿಡಬೇಕೆಂದು ಬೆಳೆಗಾರರ ಸಂಘಗಳು ಬಹುಕಾಲದಿಂದ ಕೇಳುತ್ತಿವೆ. ಉಳಿದ ಬೆಳೆಗಳ ಜಮೀನಿಗೆ ಆ ಕಾಯ್ದೆಯಲ್ಲೇ ಇರುವ ರಕ್ಷಣೆ ಎರಡೆಕರೆ ಕಾಫಿಯವರಿಗೆ ಏಕಿಲ್ಲ ಎಂಬ ಪ್ರಶ್ನೆಗೆ ದೆಹಲಿ ಉತ್ತರಿಸಬೇಕು.

ಇವುಗಳ ಜೊತೆಗೆ ತೋಟದೊಳಗಿನ ಖರ್ಚೂ ಇದೆ. ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆಗಳ ಹಾವಳಿ ಬೆಳೆಹಾನಿಗಷ್ಟೇ ನಿಂತಿಲ್ಲ, ಜೀವಗಳನ್ನೂ ಬಲಿ ಪಡೆದಿದೆ. ದಸರಾ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಸಕಲೇಶಪುರ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಬೆಳಗ್ಗೆ ಆನೆ ಎಲ್ಲಿದೆ ಎಂದು ತಿಳಿದ ಮೇಲೆಯೇ ಆಳುಗಳು ತೋಟಕ್ಕಿಳಿಯುವ ದಿನಗಳಲ್ಲಿ ಕುಯ್ಲು ತಡವಾಗುತ್ತದೆ, ಕೂಲಿ ಏರುತ್ತದೆ, ಹಣ್ಣು ಉದುರುತ್ತದೆ. ವಿಯೆಟ್ನಾಂ ಬೆಳೆಗಾರ ಈ ಖರ್ಚು ಹೊರಬೇಕಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ನೂರು ವರ್ಷ ತುಂಬಿದೆ. ಹೂಮಳೆ ಕೈಕೊಟ್ಟರೂ ತಡೆಯುವ, ಇಳುವರಿ ಹೆಚ್ಚಿಸುವ ಗಿಡಗಳಿಗಾಗಿ ಆ ಕೇಂದ್ರಕ್ಕೆ ಅನುದಾನ ಏರಿಸಿದರೆ, ವಯಸ್ಸಾದ ಗಿಡ ತೆಗೆದು ಮರುನಾಟಿ ಮಾಡುವವರಿಗೆ ಫಸಲು ಬರುವವರೆಗಿನ ವರ್ಷಗಳಿಗೆ ನೆರವಾದರೆ ಉತ್ಪಾದನೆಯ ಅಂಕಿ ಕದಲೀತು.

ಇವುಗಳಲ್ಲಿ ತಕ್ಷಣ ಆಗಬೇಕಾದದ್ದು ಪಹಣಿಯ ಕೆಲಸ. 2026ರ ಕೊನೆಯಲ್ಲಿ ಕುಯ್ಲಿಗೆ ಬರುವ ರೊಬಸ್ಟಾ ಹಡಗು ಹತ್ತುವ ಹೊತ್ತಿಗೆ ಯುರೋಪಿನ ನಿಯಮ ಜಾರಿಯಲ್ಲಿರುತ್ತದೆ. ಅಷ್ಟರೊಳಗೆ ಬೇಲೂರು ತಾಲ್ಲೂಕಿನ ಕಾಫಿ ಬೆಳೆಯುವ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಸರ್ವೆಯರ್, ಗ್ರಾಮ ಆಡಳಿತಾಧಿಕಾರಿ, ಕಾಫಿ ಮಂಡಳಿಯ ಸಿಬ್ಬಂದಿ ಒಟ್ಟಿಗೆ ಕುಳಿತು ಖಾತೆ, ಪೋಡಿ, ಜಮೀನಿನ ಗುರುತು, ನೋಂದಣಿ ನಾಲ್ಕನ್ನೂ ಒಂದೇ ಶಿಬಿರದಲ್ಲಿ ಮುಗಿಸಬೇಕು. ಅದಕ್ಕೆ ಹೊಸ ಕಾಯ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಡ. ಜಿಲ್ಲಾಧಿಕಾರಿಯ ಆದೇಶ, ದಿನಾಂಕ ಹಾಕಿದ ವೇಳಾಪಟ್ಟಿ, ಅದನ್ನು ಪಾಲಿಸುವ ಸಿಬ್ಬಂದಿ ಸಾಕು. ಶಿಬಿರ ಗೆಂಡೆಹಳ್ಳಿಯಿಂದಲೇ ಶುರುವಾಗಲಿ, ಕುಯ್ಲಿಗೆ ಮುನ್ನ ಮುಗಿಯಲಿ.